ಡ್ರಮ್ಮಿನ ಸರದಿ

ಸಮುದಾಯ ಬಾನುಲಿ ಕೇಂದ್ರದ ಪ್ರಸಾರ ಕೋಣೆಯ ಮೂಲೆಯಲ್ಲಿ ಒಂದು ಕಪ್ಪು ಪೆಟ್ಟಿಗೆಯಿದೆ. ಹೊರಗೆ ಹೋಗುತ್ತಿರುವ ಧ್ವನಿ ಹತ್ತು ಸೆಕೆಂಡು ನಿಂತರೆ ಅದು ಯಾರನ್ನೂ ಕೇಳದೆ ತಾನೇ ಬಾಯಿ ಹಾಕುತ್ತದೆ. ನೀರು ಕುದಿಸಿ ಕುಡಿಯಿರಿ ಎಂದು ಮ್ಯಾನೇಜರ್ ಎಂದೋ ಓದಿಟ್ಟ ಪ್ರಕಟಣೆ ಊರಿಗೆಲ್ಲ ಕೇಳಿಸುತ್ತದೆ. ಜೊತೆಗೆ ಪರವಾನಗಿ ಕೊಡುವ ಕಚೇರಿಗೆ ಒಂದು ವರದಿಯೂ ತಾನಾಗಿಯೇ ಹೋಗುತ್ತದೆ. ಕೇಂದ್ರದವರು ಆ ಪೆಟ್ಟಿಗೆಗೆ ಬಾಯಿಬಡುಕಿ ಎಂದು ಹೆಸರಿಟ್ಟಿದ್ದರು.

ಪರವಾನಗಿ ನವೀಕರಣ ಹತ್ತಿರ ಬಂದಿತ್ತು. ‘ಹೊಸ ಜಾಝ್’ ಕಾರ್ಯಕ್ರಮದಲ್ಲಿ ಬಾಯಿಬಡುಕಿ ಆಗಲೇ ಎರಡು ಸಲ ಬಾಯಿ ಹಾಕಿತ್ತು: ಒಮ್ಮೆ ಡಿಸ್ಕ್ ಸಿಕ್ಕಿಕೊಂಡಾಗ, ಇನ್ನೊಮ್ಮೆ ಒಂದು ಹಾಡಿನ ಕೊನೆ ತೀರಾ ಮೆಲ್ಲಗಾದಾಗ.

“ಮೂರನೇ ಸಲ ಆದ್ರೆ ನಿಮ್ಮ ಗಂಟೆ ತರಕಾರಿ ಧಾರಣೆಗೆ ಹೋಗುತ್ತೆ ಮೇಡಂ,” ಎಂದು ಮ್ಯಾನೇಜರ್ ಹೇಳಿದ್ದರು. “ನನಗೆ ಜಾಝ್ ಮೇಲೆ ಸಿಟ್ಟೇನಿಲ್ಲ. ಸಿಟ್ಟು ಬರೋಕೆ ಅರ್ಥವಾದ್ರೂ ಆಗ್ಬೇಕಲ್ಲ.”

ಕಾರ್ಯಕ್ರಮ ನಡೆಸುವವಳಿಗೆ ಹಗಲು ಔಷಧದಂಗಡಿಯಲ್ಲಿ ಕೆಲಸ. ವಾರಕ್ಕೊಂದು ಸಂಜೆ ಇಲ್ಲಿಗೆ ಬಂದು, ಹೊಸದಾಗಿ ಹೊರಬಂದ ಮೂರು ಆಲ್ಬಮ್‌ಗಳಿಂದ ಆಯ್ದದ್ದನ್ನು ಕೇಳಿಸಿ, ಯಾವುದನ್ನು ಯಾಕೆ ಕೇಳಬೇಕೆಂದು ಹೇಳುತ್ತಾಳೆ. ಆರು ವರ್ಷಗಳಿಂದ ಬಿಡಿಗಾಸಿಲ್ಲದೆ ನಡೆಸಿಕೊಂಡು ಬಂದ ಕೆಲಸ. ಅವಳೆದುರು ಮಿಕ್ಸರ್ ಮುಂದೆ ಕೂರುವವನು ಅವಳ ಗಂಡನ ತಮ್ಮ. ಹಾಗಾಗಿ ಕೇಂದ್ರದವರ ಬಾಯಲ್ಲೂ ಅವರು ಅತ್ತಿಗೆ, ಮೈದುನ.

ಮೈದುನ ಮೊದಲು ನಾಲ್ವರ ಒಂದು ಬ್ಯಾಂಡಿನಲ್ಲಿ ಡ್ರಮ್ಮರ್ ಆಗಿದ್ದ. ಎರಡು ವರ್ಷದ ಕೆಳಗೆ ವಾದ್ಯ ಇಳಿಸುವಾಗ ವ್ಯಾನಿನ ಬಾಗಿಲಿಗೆ ಬಲಗೈ ಸಿಕ್ಕಿತು. ಎರಡು ಬೆರಳು ಮಡಚಲು ಬಾರದಂತಾದವು. ಆಮೇಲೆ ಅವನು ಆ ಮೂವರ ಫೋನ್ ಎತ್ತಲಿಲ್ಲ, ಅವರ ಹಳೆಯ ಡಿಸ್ಕುಗಳನ್ನೂ ಮುಟ್ಟಲಿಲ್ಲ.

ಈ ವಾರದ ಮೂರನೇ ಆಲ್ಬಮ್ ಅವರದೇ. ಹೆಸರು ‘ಮೂವರು’.

“ನನ್ನ ಜಾಗಕ್ಕೆ ಯಾರನ್ನೂ ಹಾಕ್ಕೊಂಡಿಲ್ವಾ?” ಕವರನ್ನು ತಿರುಗಿಸಿ ನೋಡಿ ಮೈದುನ ಕೇಳಿದ. “ಜಿಪುಣರು. ಒಂದು ಪಾಲು ಉಳೀತು.”

“ಕೇಳಿ ನೋಡ್ತೀಯಾ?”

“ಕೇಳೋದು ನೀವು, ಹೊಗಳೋದು ನೀವು. ನಾನು ಬಟನ್ ಒತ್ತೋನು ಅತ್ತಿಗೆ.”

ಅವಳು ಕೇಳಿದ್ದಳು. ಆ ಆಲ್ಬಮ್‌ನ ನಾಲ್ಕನೆಯ ತುಣುಕು ಬ್ಯಾಂಡಿನ ಹಳೆಯ ರಚನೆ, ‘ಏಣಿ’. ಅದರಲ್ಲಿ ಸ್ಯಾಕ್ಸೋಫೋನ್ ಮುಗಿದ ಮೇಲೆ ಒಂದು ಪೂರ್ತಿ ಸುತ್ತು ಡ್ರಮ್ ಒಂದೇ ನುಡಿಯುತ್ತಿತ್ತು. ಹೊಸ ಆಲ್ಬಮ್‌ನಲ್ಲಿ ಆ ಸುತ್ತಿನಲ್ಲಿ ಯಾರೂ ಏನೂ ನುಡಿಸುವುದಿಲ್ಲ. ನಲವತ್ತು ಸೆಕೆಂಡಿನಷ್ಟು ಮೌನ. ಆಮೇಲೆ ಮೂವರೂ ಒಟ್ಟಿಗೆ ಬರುತ್ತಾರೆ.

ಅದನ್ನು ಅವಳು ಮ್ಯಾನೇಜರಿಗೆ ಮೊದಲೇ ತಿಳಿಸಿದ್ದಳು.

“ಅಷ್ಟನ್ನೇ ಕತ್ತರಿಸಿ. ಯಾರಿಗೆ ಗೊತ್ತಾಗುತ್ತೆ?”

“ಕತ್ತರಿಸಿದ್ರೆ ಉಳಿಯೋದು ಬೇರೆ ಏನೋ ಸರ್. ಆ ಪೆಟ್ಟಿಗೇನ ಒಂದು ನಿಮಿಷ ಆರಿಸೋಕಾಗಲ್ವಾ?”

“ಆರಿಸಿದ್ರೂ ವರದಿ ಹೋಗುತ್ತೆ. ಆ ಖಾಲಿ ಜಾಗದ ಮೇಲೆ ಮಾತಾಡಿ. ನಿಮಗೆ ಮಾತಿಗೇನು ಬರವಾ?”

ಅವಳು ಒಪ್ಪಿಕೊಂಡಳು. ಆ ಮೌನದ ಮೇಲೆ ಓದಲು ಆರು ವಾಕ್ಯ ಬರೆದುಕೊಂಡಳು. ಮೈದುನನಿಗೆ ಮಾತ್ರ ಏನೂ ಹೇಳಲಿಲ್ಲ. ಹೇಳಿದ್ದರೆ ಅವನು ಆ ದಿನ ಜ್ವರ ಬರಿಸಿಕೊಳ್ಳುತ್ತಿದ್ದ.

ಮೊದಲ ಆಲ್ಬಮ್ ಒಬ್ಬಳೇ ಗಿಟಾರ್ ನುಡಿಸಿದ್ದು, ಎರಡನೆಯದು ಒಂಬತ್ತು ಜನರ ಗದ್ದಲದ ತಂಡ. ಎರಡೂ ಸಲೀಸಾಗಿ ಮುಗಿದವು. ಅವಳು ಮೂರನೆಯದನ್ನು ಪರಿಚಯಿಸಿ, ಬೆರಳಿನಲ್ಲಿ ನಾಲ್ಕು ಎಂದು ತೋರಿಸಿದಳು. ಮೈದುನ ಬಟನ್ ಒತ್ತಿ ಅವಳ ಮೈಕ್ ಮುಚ್ಚಿದ. ಡಬಲ್ ಬಾಸಿನ ಮೊದಲ ನಾಲ್ಕು ಸ್ವರಕ್ಕೇ ಅವನು ಕತ್ತೆತ್ತಿದ.

“ಇದು ‘ಏಣಿ’.”

“ಹೌದು.”

“ಇದರಲ್ಲಿ ನನ್ನ ಸರದಿ ಬರುತ್ತೆ. ಯಾರ ಕೈಲಿ ಬಾರಿಸಿದ್ದಾರೆ?”

ಅವಳು ಕಾಗದ ನೋಡಿದಳು.

“ಅತ್ತಿಗೆ, ಯಾರ ಕೈಲಿ?”

“ಕೇಳು.”

ಸ್ಯಾಕ್ಸೋಫೋನ್ ಮೇಲೇರತೊಡಗಿತು. ಮೈದುನ ಬಲಗೈಯನ್ನು ತೊಡೆಯ ಕೆಳಗೆ ಹಾಕಿಕೊಂಡು ಕೂತ. ಅವಳು ಬೆರಳೆತ್ತಿದೊಡನೆ ಅವನು ಮೈಕ್ ತೆರೆಯಬೇಕು. ಅದು ಅವರ ನಡುವಿನ ರೂಢಿ. ಕಾಗದ ಅವಳ ಎಡಗೈಯಲ್ಲಿತ್ತು, ಮೊದಲ ವಾಕ್ಯ ನಾಲಗೆಯ ಮೇಲಿತ್ತು.

ಸ್ಯಾಕ್ಸೋಫೋನ್ ನಿಂತಿತು.

ಧ್ವನಿಯ ಮಟ್ಟ ತೋರಿಸುವ ಮೀಟರಿನ ಹಸಿರು ದೀಪಗಳು ಒಂದೊಂದಾಗಿ ಇಳಿದು ಆರಿದವು. ಬಾಯಿಬಡುಕಿಯ ಮೇಲಿನ ಕೆಂಪು ಅಂಕಿ ಎಣಿಸತೊಡಗಿತು. ಒಂದು. ಎರಡು. ಮೈದುನ ಡಿಸ್ಕ್ ಸಿಕ್ಕಿಕೊಂಡಿತೆಂದು ಬಗ್ಗಿ ನೋಡಿದ. ಅದು ತಿರುಗುತ್ತಿತ್ತು. ಮತ್ತೆ ನೆಟ್ಟಗೆ ಕೂತಾಗ ಅದು ತನ್ನದೇ ಸರದಿಯೆಂದು ಅವನಿಗೆ ತಿಳಿದಿತ್ತು. ಬಲಗಾಲು ತಾನಾಗಿಯೇ ತಾಳ ಹಿಡಿದಿತ್ತು.

ನಾಲ್ಕು. ಅವಳ ಬೆರಳು ಮೇಲೇಳಬೇಕಾದ ಹೊತ್ತು. ಏಳಲಿಲ್ಲ.

“ಮಾತಾಡಿ,” ಎಂದು ಅವನ ತುಟಿ ಅಲುಗಿತು.

ಅವಳು ತಲೆಯಾಡಿಸಿ, ಕಾಗದವನ್ನು ಮೇಜಿನ ಮೇಲೆ ಬೋರಲು ಹಾಕಿದಳು.

ಆರು. ಅವನು ಒಮ್ಮೆ ಪೆಟ್ಟಿಗೆಯನ್ನೂ ಒಮ್ಮೆ ಅವಳನ್ನೂ ನೋಡಿ, ಎಡಗೈಯಿಂದ ಅವಳ ಮೈಕನ್ನು ತೆರೆದು ತುದಿಯವರೆಗೂ ಏರಿಸಿದ. ಬಾಗಿಲ ಮೇಲಿನ ಕೆಂಪು ದೀಪ ಹತ್ತಿತು. ಕೋಣೆಯ ಸದ್ದೇ ಹೋಗಲಿ ಎಂಬುದು ಅವನ ಲೆಕ್ಕ. ಆದರೆ ಕೋಣೆಯಲ್ಲಿ ಸದ್ದಾದರೂ ಏನಿತ್ತು? ಒಂದು ಹಸಿರು ದೀಪ ಮಿನುಗಿ ಆರಿತು. ಪೆಟ್ಟಿಗೆ ಅದನ್ನು ಸದ್ದೆಂದು ಒಪ್ಪಲು ಮೂರಾದರೂ ಬೇಕು.

ಎಂಟು. ಬಾಗಿಲು ದಢಾರನೆ ತೆರೆದುಕೊಂಡಿತು. ಅಂಕಿ ಸೊನ್ನೆಗೆ ಇಳಿಯಿತು.

ಮ್ಯಾನೇಜರ್. ಕೆಳಗಿನ ಕೋಣೆಯ ಸ್ಪೀಕರ್ ಸುಮ್ಮನಾದದ್ದೇ ತಡ, ಮಹಡಿಯ ಮೆಟ್ಟಿಲನ್ನು ಒಂದೇ ಉಸಿರಿಗೆ ಹತ್ತಿ ಬಂದಿದ್ದರು. ಕೂಗಲು ಬಾಯಿ ತೆರೆದವರಿಗೆ ಕೆಂಪು ದೀಪ ಕಂಡಿತು. ಅದು ಉರಿಯುವಾಗ ಯಾರೂ ಸೊಲ್ಲೆತ್ತಬಾರದು. ಗೋಡೆಗೆ ಆ ನಿಯಮ ಅಂಟಿಸಿದವರು ಅವರೇ. ಬಾಯಿ ಮುಚ್ಚಿಕೊಂಡರು. ಏದುಸಿರು ಮಾತ್ರ ಮುಚ್ಚಿಟ್ಟುಕೊಳ್ಳುವಂಥದ್ದಲ್ಲ. ಮೇಜಿಗೆ ಎರಡೂ ಕೈ ಊರಿ, ಮೈಕಿನ ಪಕ್ಕದಲ್ಲೇ ಬಾಗಿ ನಿಂತರು. ಹಸಿರು ದೀಪ ಒಂದು, ಎರಡು, ಮೂರು ಹತ್ತಿದವು.

ಸದ್ದಾಗುತ್ತಿದೆಯೆಂದು ಗೊತ್ತಾದೊಡನೆ ಅವರು ಉಸಿರು ಬಿಗಿಹಿಡಿದರು. ಮುಖ ಕೆಂಪಾಯಿತು. ಅಂಕಿ ಮತ್ತೆ ಏರಿತು. ಐದು. ಆರು. ಮೈದುನ ಅವರತ್ತ ಎಡಗೈ ಬೀಸಿ, ಬಿಡಿ, ಬಿಡಿ ಎಂದು ಸನ್ನೆ ಮಾಡಿದ. ಮ್ಯಾನೇಜರ್ ಅವನನ್ನು ದುರುಗುಟ್ಟಿ ನೋಡಿದರು, ಪೆಟ್ಟಿಗೆಯ ಕಡೆ ತಿರುಗಿದರು, ಎಂಟನ್ನು ಕಂಡರು. ತುಂಬಿಟ್ಟುಕೊಂಡದ್ದನ್ನೆಲ್ಲ ಒಮ್ಮೆಲೇ ಮೈಕಿಗೆ ಬಿಟ್ಟರು.

ಸೊನ್ನೆ.

ಆಮೇಲೆ ಮೂವರೂ ಹಾಗೇ ಇದ್ದರು. ಒಬ್ಬರು ಕರ್ತವ್ಯದಂತೆ ಉಸಿರಾಡುತ್ತ, ಒಬ್ಬಳು ಅಂಕಿ ನೋಡುತ್ತ. ಮೈದುನ ಯಾರನ್ನೂ ನೋಡುತ್ತಿರಲಿಲ್ಲ. ಅವನ ಎಡಗೈ ಮೇಲೆದ್ದು ಗಾಳಿಯಲ್ಲಿ ನಿಂತಿತು. ಅದು ಕೆಳಗಿಳಿದ ಕ್ಷಣಕ್ಕೇ ಪಿಯಾನೊ, ಬಾಸ್, ಸ್ಯಾಕ್ಸೋಫೋನ್ ಒಟ್ಟಿಗೆ ಒಳಬಂದವು. ಅದೇ ಕೈ ಜಾರಿ ಹೋಗಿ ಮೈಕ್ ಮುಚ್ಚಿತು.

“ಮಾತಾಡಿ ಅಂದಿದ್ದೆ ನಿಮಗೆ,” ಎಂದರು ಮ್ಯಾನೇಜರ್, ಕೆಂಪು ದೀಪ ಆರಿದೊಡನೆ.

“ಅಂದಿದ್ರಿ. ನಾನೂ ಒಪ್ಪಿದ್ದೆ. ಆಗ್ಲಿಲ್ಲ ಸರ್.”

“ಊರಿಗೆಲ್ಲ ನನ್ನ ಏದುಸಿರು ಕೇಳಿಸಿಬಿಟ್ರಲ್ಲ ರೀ!”

ಫೋನ್ ಹೊಡೆದುಕೊಂಡಿತು. ಹತ್ತಿರವಿದ್ದವರು ಅವರೇ, ಎತ್ತಿದರು. “ಹೂಂ, ಹೊಸ ಆಲ್ಬಮ್ಮೇ. ‘ಮೂವರು’ ಅಂತ. ಉಸಿರಾ? ಅಲ್ಲ, ಸ್ಯಾಕ್ಸೋಫೋನಿನವರದಲ್ಲ. ಅದು... ಸ್ಥಳೀಯ ಕಲಾವಿದರು. ಇಲ್ಲಮ್ಮ, ಬೇರೆ ಆಲ್ಬಮ್ ಮಾಡಿಲ್ಲ.” ಫೋನ್ ಇಟ್ಟು, ಪೆಟ್ಟಿಗೆಯ ಬಳಿ ಹೋಗಿ ಹೊಸ ವರದಿ ಇಲ್ಲವೆಂದು ಖಾತ್ರಿ ಮಾಡಿಕೊಂಡರು.

“ಮೂರನೇ ಸಲ ಆಗಿಲ್ಲ. ನಿಮ್ಮ ಗಂಟೆ ಉಳೀತು. ಆದ್ರೆ ಕೊಟ್ಟ ಮಾತಿಗೆ ತಪ್ಪಿದ್ರಿ. ಇನ್ಮೇಲೆ ಪ್ರತಿ ಡಿಸ್ಕನ್ನೂ ಮೊದಲು ನಾನು ಕೇಳ್ತೀನಿ. ಪೂರ್ತಿ.”

“ಜಾಝನ್ನಾ ಸರ್?”

“ಇನ್ನೇನು ಮಾಡ್ಲಿ? ನನ್ನ ಕರ್ಮ.” ಮೆಟ್ಟಿಲನ್ನು ನಿಧಾನವಾಗಿ ಇಳಿದು ಹೋದರು.

‘ಏಣಿ’ ಕೊನೆಯ ಸುತ್ತಿಗೆ ಬಂದಿತ್ತು.

“ನನ್ನ ಸರದಿಯ ಕೊನೇಲಿ ನಾನು ಓಡ್ತಿದ್ದೆ ಅತ್ತಿಗೆ,” ಎಂದ ಮೈದುನ. “ಪ್ರತಿ ಸಲ. ತಾಳ ಬಿಟ್ಟು ಓಡ್ತೀಯ ಅಂತ ಅವರು ಬೈಯದ ದಿನ ಇಲ್ಲ. ಲೆಕ್ಕ ಹಾಕಿದ್ರೆ ಅವರು ಇನ್ನೊಂದು ಚೂರು ಕಾಯ್ಬೇಕಿತ್ತು. ಕಾದಿಲ್ಲ. ನಾನು ಎಲ್ಲಿ ಮುಗಿಸ್ತಿದ್ನೋ ಅಲ್ಲೇ ಬಂದಿದ್ದಾರೆ.”

ಎಷ್ಟು ಸಲ ಕೇಳಿದರೂ ಅವಳಿಗೆ ಅದು ಹೊಳೆದಿರಲಿಲ್ಲ.

“ಕೇಳೋರಿಗೆ ಹೇಳ್ಲಾ?”

ಪಿಯಾನೊ ಒಂದೇ ಉಳಿದಿತ್ತು. ಅವನು ಅವಳ ಮೈಕಿನ ಬಟನ್ ಮೇಲೆ ಎಡಗೈ ಇಟ್ಟು ಕಾದ.

“ಹೇಳಿ. ಓಡ್ತಿದ್ದ ಅನ್ನೋದನ್ನೂ ಸೇರಿಸಿ ಹೇಳಿ,” ಎಂದು ಮೈಕ್ ತೆರೆದ.