ಮಾಗುಮೆಡೆಯ ಮರ, ಮಾತೆಂಬುವಿನ ಹೊಟ್ಟೆಕಿಚ್ಚು

ಇಂಗ್ವಾವುಮಾದ ಗುಡ್ಡದಲ್ಲಿ ಯಾರಿಗೆ ಕೆಮ್ಮು ಬಂದರೂ ಇಸಿಭಾಹಾ ಮರದ ತೊಗಟೆಯೇ ಮೊದಲ ಮದ್ದು. ಆದರೆ ಪೇಟೆಯಲ್ಲಿ ಮಾರಲೆಂದು ಸುಲಿದು ಸುಲಿದು ಕಾಡಿನ ಮರಗಳೆಲ್ಲ ಒಣಗಿಹೋದವು. ಈಗ ಊರಿಗೆ ಉಳಿದದ್ದು ಮಾಗುಮೆಡೆಯ ಹಿತ್ತಲಿನ ಒಂದೇ ಮರ. ಅವಳು ತೊಗಟೆ ಮುಟ್ಟಲು ಬಿಡುವುದಿಲ್ಲ, ಎಲೆ ಕಿತ್ತು ಕೊಡುತ್ತಾಳೆ. ಬೆಳಗಾದರೆ ಅವಳ ಅಂಗಳದ ತುಂಬ ಜನ.

ಪಕ್ಕದ ಮನೆಯ ಮಾತೆಂಬುವಿಗೆ ಅದನ್ನು ಕಂಡರೆ ಹೊಟ್ಟೆಯಲ್ಲಿ ಕೆಂಡ. ಹಾಳಾಗಲಿ, ತನ್ನ ಅತ್ತೆಯೂ ಕೆಮ್ಮುತ್ತ ಅಲ್ಲಿಗೇ ಹೋಗಬೇಕೇ?

"ಮಾಗುಮೆಡೆ ಕೈಗುಣ ಚೆನ್ನಾಗಿದೆ ಕಣೆ," ಎಂದಳು ಅತ್ತೆ, ಎಲೆ ಅಗಿಯುತ್ತ. "ಮಾತೂ ಎಷ್ಟು ಸಿಹಿ ಅಂತೀಯ."

"ಎಲೆ ಮೇಯೋದು ಮೇಕೆ, ಗೋಗೊ. ಕಸುವು ಇರೋದು ತೊಗಟೇಲಿ," ಎಂದಳು ಮಾತೆಂಬು. ಅತ್ತೆಯನ್ನು ಅವಳು ಕರೆಯುವುದೇ ಗೋಗೊ, ಅಂದರೆ ಅಜ್ಜಿ, ಎಂದು.

"ಮೇಕೆ ಕೆಮ್ಮಿದ್ದು ನೋಡಿದ್ದೀಯಾ ನೀನು?"

ಮಾತೆಂಬು ಗಂಜಿ ತಿರುವುವ ಕೋಲನ್ನು ಮಡಕೆಗೆ ಕುಟ್ಟಿದಳು. ಅತ್ತೆಯ ಬೆನ್ನು ನೀವಿದವಳು ತಾನು, ಬೆವರಿನಲ್ಲಿ ತೊಯ್ದ ಕಂಬಳಿ ಒಗೆದವಳು ತಾನು. ನಾಲ್ಕು ಎಲೆ ಕೊಟ್ಟವಳು ಮಗಳಾದಳು.

ಮಾಗುಮೆಡೆ ನೀರಿಗೆ ಹೋದದ್ದನ್ನು ನೋಡಿ, ಕತ್ತಿ ಹಿಡಿದು ಬೇಲಿ ದಾಟಿದಳು. ಹಿರಿಯರು ತೊಗಟೆ ತೆಗೆಯುತ್ತಿದ್ದದ್ದು ಸೂರ್ಯ ಹುಟ್ಟುವ ಮಗ್ಗುಲಿನಿಂದ, ಒಂದೇ ಒಂದು ಪಟ್ಟಿ. ಮಾತೆಂಬು ಅಲ್ಲಿಂದ ಒಂದು ತೆಗೆದಳು, ಪಕ್ಕದಿಂದ ಇನ್ನೊಂದು. ಹೊಟ್ಟೆಕಿಚ್ಚಿಗೆ ಮೂಡಣ ಯಾವುದು, ಪಡುವಣ ಯಾವುದು?

"ಸುತ್ತಲೂ ಸುಲಿದ್ರೆ ಮರ ಸತ್ತುಹೋಗುತ್ತೆ." ಹಿಂದೆ ಮಾಗುಮೆಡೆ, ತಲೆಯ ಮೇಲೆ ಬಕೆಟ್ಟು ಹೊತ್ತು ನಿಂತಿದ್ದಳು.

"ಸಾಯಲಿ. ನಮ್ಮ ಗೋಗೊಗೆ ಗಟ್ಟಿ ಮದ್ದು ಬೇಕು, ನಿನ್ನ ಸೊಪ್ಪಲ್ಲ."

ಮಾಗುಮೆಡೆ ಬಕೆಟ್ಟು ಇಳಿಸಿ ಒಂದೆಲೆ ಕಿತ್ತು ಚಾಚಿದಳು. "ಜಗಿದು ನೋಡು. ಆಮೇಲೆ ಬೈಯಿ."

ಮೆಣಸು ಕಡಿದಂತೆ ನಾಲಿಗೆ ಉರಿಯಿತು. ಥೇಟು ತೊಗಟೆಯ ಖಾರ. ಅದಕ್ಕೂ ಮಾತೆಂಬುವಿಗೆ ಸಿಟ್ಟೇ ಬಂತು.

"ಇಷ್ಟು ಖಾರ ಇದ್ರೆ ತಿಂಗಳಿಂದ ಕೆಮ್ಮು ಯಾಕೆ ಹೋಗ್ಲಿಲ್ಲ? ಮೈಯೆಲ್ಲ ಬೆವರು, ಸೊರಗಿ ಕಡ್ಡಿಯಾಗಿದ್ದಾರೆ."

"ತಿಂಗಳಾ? ನನ್ನ ಹತ್ರ ಮೊನ್ನೆಯಿಂದ ಅಂದ್ರಲ್ಲ. ಒಂದು ಮಾತು ಹೇಳಬಾರದಿತ್ತಾ ನೀನು?"

"ನಿನ್ನ ಬಾಗಿಲಿಗೆ ನಾನು ಬರ್ಲಾ?"

"ನನ್ನ ಬಾಗಿಲು ಬೇಡ ಮಾರಾಯ್ತಿ, ಕ್ಲಿನಿಕ್ಕಿಗೆ ಹೋಗು. ನಮ್ಮೆಜಮಾನ್ರು ಗಣಿಯಿಂದ ಬಂದಾಗ ಹೀಗೇ ಬೆವರ್ತಿದ್ರು. ಇದು ಕ್ಷಯ ಇದ್ರೂ ಇರಬಹುದು. ಎಲೆಗೂ ಬಗ್ಗಲ್ಲ, ತೊಗಟೆಗೂ ಬಗ್ಗಲ್ಲ. ಮಾತ್ರೆಗೆ ಬಗ್ಗುತ್ತೆ."

ಮಾತೆಂಬು ಕತ್ತಿ ಕೆಳಗಿಟ್ಟಳು. ತನಗೆ ಗೊತ್ತಿದ್ದದ್ದನ್ನು ಬೇಲಿಯಾಚೆ ಹೇಳದೆ ಬಿಟ್ಟದ್ದಕ್ಕೆ ಅತ್ತೆ ಇನ್ನೇನು ಕೈಬಿಟ್ಟುಹೋಗುತ್ತಿದ್ದಳು.

ಮರುದಿನವೇ ಅತ್ತೆಯನ್ನು ಕ್ಲಿನಿಕ್ಕಿಗೆ ಕರೆದೊಯ್ದಳು. ಕಫ ಪರೀಕ್ಷೆಯಲ್ಲಿ ಕ್ಷಯವೇ ಬಂತು. ಅತ್ತೆ ಮೊದಮೊದಲು "ಮಾತ್ರೆ ನುಂಗಿದ್ರೆ ವಾಂತಿ" ಎಂದು ರಂಪ ಮಾಡಿದಳು. ಆಮೇಲೆ ಕೆಮ್ಮು ಇಳಿಯಿತು, ಊಟ ಸೇರಿತು. ಈಗ ಬಾಯಿ ತೆರೆದರೆ ಕ್ಲಿನಿಕ್ಕಿನ ನರ್ಸಮ್ಮನ ಗುಣಗಾನ. ಅದನ್ನು ಕೇಳಿ ಮಾತೆಂಬುವಿಗೂ ಮಾಗುಮೆಡೆಗೂ ಒಟ್ಟಿಗೇ ಹೊಟ್ಟೆ ಉರಿಯುತ್ತದೆ.

ಅಕ್ಕ ತಂಗಿಯರೇ, ಮದ್ದಿನ ಮರದ ತೊಗಟೆ ಸುಲಿಯಬೇಡಿ. ಎಲೆ ಸಾಕು ಎನ್ನುವಲ್ಲಿ ಎಲೆಯನ್ನೇ ಕೀಳಿ. ಎರಡು ವಾರ ದಾಟಿದ ಕೆಮ್ಮನ್ನು ಯಾವ ಎಲೆಗೂ ಒಪ್ಪಿಸಬೇಡಿ, ಕಫ ಪರೀಕ್ಷೆ ಮಾಡಿಸಿ. ಮಾತ್ರೆ ಶುರುವಾದರೆ ಮುಗಿಯುವವರೆಗೂ ಬಿಡಬೇಡಿ. ನೆರೆಯವಳ ಮೇಲೆ ಹೊಟ್ಟೆಕಿಚ್ಚಿದ್ದರೆ ಇರಲಿ, ಯಾರಿಗಿಲ್ಲ? ಮನೆಯವರ ಕಾಯಿಲೆಯನ್ನು ಮಾತ್ರ ಅದರ ಕೆಳಗೆ ಮುಚ್ಚಿಡಬೇಡಿ.