ಅಡ್ಡಗಂಬದ ಆಚೆ

ಮೇಲಿನ ಕೇರಿಯ ಕೊಟ್ಟಿಗೆಗಳಿಂದ ಹಸುಗಳ ಕೂಗು ಮತ್ತೆ ಕೇಳಿಸಿದಾಗ ಶಾಲೆಯ ಸಭಾಂಗಣದಲ್ಲಿ ಸೂಪು ಕುಡಿಯುತ್ತಿದ್ದವರ ಚಮಚಗಳು ನಿಂತವು. ಸಂಜೆಯ ಹಾಲು ಕರೆಯುವ ಹೊತ್ತು ಮೀರಿತ್ತು. ಬೆಳಗಿನದೂ ತಪ್ಪಿತ್ತು.

ತಮ್ಮ ಪಿರ್ಮಿನ್ ಎದ್ದು ಬರುತ್ತಿರುವುದು ಓಡಿಲಾಗೆ ತಲೆ ಎತ್ತದೆಯೇ ತಿಳಿಯಿತು. ಹಿಮಕುಸಿತದ ಅಪಾಯ ನೋಡಿಕೊಳ್ಳುವ ಹಳ್ಳಿಯ ಸಮಿತಿಗೆ ಅವಳೇ ಮುಖ್ಯಸ್ಥೆ. ಹಿಂದಿನ ದಿನ ಮೇಲಿನ ಕೇರಿಯವರನ್ನೆಲ್ಲ ಕೆಳಗಿಳಿಸಿ ದಾರಿಗೆ ಅಡ್ಡಗಂಬ ಹಾಕಿಸಿದವಳೂ ಅವಳೇ. ಎದೆಮಟ್ಟದ ಹಿಮದಲ್ಲಿ ಹಸುಗಳನ್ನು ಇಳಿಸಲು ಆಗಿರಲಿಲ್ಲ.

"ಅರ್ಧ ಗಂಟೆ ಕೊಡಕ್ಕಾ," ಎಂದ ಪಿರ್ಮಿನ್. "ಹಾಲು ಕರೆದು ಬಂದ್ಬಿಡ್ತೀನಿ."

"ಆಗಲ್ಲ ಕಣೋ."

"ಅಮ್ಮನ್ನ ಮಣ್ಣು ಮಾಡಿದ ದಿನಾನೂ ಹಾಲು ಕರೆದವರು ನಾವು. ನೀನೂ ಕೂತಿದ್ದೆ ನನ್ನ ಪಕ್ಕ, ಕಪ್ಪು ಬಟ್ಟೇಲೇ."

ಅದು ನಿಜ. ಕೆಚ್ಚಲು ತುಂಬಿದ ಹಸುವನ್ನು ಕೂಗಲು ಬಿಟ್ಟವನಿಗೆ ಈ ಕಣಿವೆಯಲ್ಲಿ ಪಾದ್ರಿಯೂ ನೆಟ್ಟಗೆ ಮುಖ ಕೊಡುತ್ತಿರಲಿಲ್ಲ.

"ಹೋದ ವರ್ಷಾನೂ ಹಿಂಗೇ ಓಡಿಸಿದ್ಲು," ಎಂದಳು ಮೂಲೆಯಲ್ಲಿದ್ದ ಮುದುಕಿ ಫಿಲೋಮೆನಾ. "ಬಂದಿದ್ದು ಹಿಮ ಅಲ್ಲ, ನನಗೆ ಕೀಲುನೋವು." ಯಾರೋ ನಕ್ಕರು.

ಬೆಳಿಗ್ಗೆ ಓಡಿಲಾ ಹಿಮ ಅಗೆದು ನೋಡಿದ್ದಳು. ಗಾಳಿ ತಂದು ಪೇರಿಸಿದ ಗಟ್ಟಿ ಪದರದಡಿ ಡಿಸೆಂಬರಿನ ಹಳೆಯ ಹಿಮ ಸಕ್ಕರೆಯಂತೆ ಅಂಗೈಯಿಂದ ಉದುರಿತ್ತು. ಇಡೀ ಇಳಿಜಾರು ಆ ಸಕ್ಕರೆಯ ಮೇಲೆ ಕೂತಿತ್ತು. ಜಾರಬಹುದು ಎಂದು ಅವಳು ಹೇಳಬಲ್ಲಳು. ಯಾವಾಗ ಎಂದು ಹೇಳಲಾರಳು.

ಹಳ್ಳಿಯ ಅಧ್ಯಕ್ಷ ಕಮಿಲ್ ಅಡ್ಡಗಂಬದ ಬೀಗದಕೈಯನ್ನು ಅವಳ ಮುಂದಿಟ್ಟ. "ನೀನು ಹೂಂ ಅನ್ನು, ತೆಗೀತೀನಿ. ನೀನು ಅನ್ನದೆ ನಾನು ತೆಗೆಯೋನಲ್ಲ."

"ಆ ಕೂಗು ನಮ್ಮ ಹಸು ಬಾರೋನಾದು ಕಣಕ್ಕಾ," ಪಿರ್ಮಿನ್‌ನ ದನಿ ಇಳಿಯಿತು. "ಮಂದೇಲಿ ಎಲ್ಲದರ ಜೊತೆ ಕಾದಾಡಿ ಗೆದ್ದು ರಾಣಿ ಆದೋಳು. ಅವಳು ಹಿಂಗೆ ಕೂಗಿದ್ದು ಯಾವತ್ತಾದ್ರೂ ಕೇಳಿದ್ಯಾ?"

ಓಡಿಲಾ ಬೀಗದಕೈಯನ್ನು ಜೇಬಿಗೆ ಹಾಕಿಕೊಂಡಳು. "ನಿನ್ನ ಬಿಟ್ರೆ ನಿನ್ನ ಹಿಂದೆ ಎಲ್ಲರೂ ಹೊರಡ್ತಾರೆ. ಹಸು ಸತ್ರೆ ಹಸು ಸತ್ತೋಯ್ತು ಅಂತೀನಿ. ನೀನು ಸತ್ರೆ ನಿನ್ನ ಹೆಂಡ್ತಿಗೆ ಏನಂತ ಹೇಳಲಿ?"

"ಹಂಗಾದ್ರೆ ಆ ಕೂಗನ್ನೇ ಕೇಳ್ತಾ ಸೂಪು ಕುಡಿ."

ಆ ರಾತ್ರಿ ಇಳಿಜಾರಿನ ಹಿಮ ಕುಸಿಯಲಿಲ್ಲ. ಮರುದಿನ ಮಧ್ಯಾಹ್ನ ಗಾಳಿ ನಿಂತು ಚಳಿ ಬಿಗಿದು ಅಪಾಯ ತುಸು ತಗ್ಗಿದಾಗ ಅವಳು ಅಡ್ಡಗಂಬ ತೆಗೆಸಿ, ಮನೆಗೊಬ್ಬರಂತೆ, ಒಬ್ಬರಿಂದೊಬ್ಬರು ದೂರವಿದ್ದು ಹತ್ತಬೇಕೆಂದು ಹೇಳಿ, ತಮ್ಮನ ಹಿಂದೆ ತಾನೂ ಹತ್ತಿದಳು.

ಬಾರೋನಾ ಕಾಲಗಲಿಸಿ ನಿಂತಿದ್ದಳು. ಕೂಗುವ ದನಿಯೂ ಉಳಿದಿರಲಿಲ್ಲ. ಕೆಚ್ಚಲು ಕಲ್ಲಿನಂತೆ ಬಿಗಿದು ಬಿಸಿಯಾಗಿತ್ತು. ಪಿರ್ಮಿನ್ ಕೈಯಿಟ್ಟೊಡನೆ ಹಸುವಿನ ಮೈಯೆಲ್ಲ ನಡುಗಿತು. ಹಾಲು ಮೊದಲು ಗಡ್ಡೆಗಡ್ಡೆಯಾಗಿ ಬಂತು, ಆಮೇಲೆ ರಕ್ತ ಬೆರೆತು ನಸುಗೆಂಪಾಗಿ. ಅವನು ಬಕೆಟ್ಟನ್ನು ಬಾಗಿಲಾಚೆ ಹಿಮದ ಮೇಲೆ ಚೆಲ್ಲಿ ಬಂದು ಮತ್ತೆ ಕೂತ.

"ಹಿಮ ಕುಸೀಲೇ ಇಲ್ವಲ್ಲಕ್ಕಾ," ಎಂದ ಮೆಲ್ಲಗೆ. ಬೈದಿದ್ದರೆ ಅವಳಿಗೆ ಹಗುರಾಗುತ್ತಿತ್ತು.

ಅವಳು ಪಕ್ಕದ ಹಸುವಿನ ಬಳಿ ಕುಳಿತು, ಅದರ ಪಕ್ಕೆಗೆ ಹಣೆಯಾನಿಸಿ ಹಾಲು ಕರೆಯತೊಡಗಿದಳು. ಅದರ ಹಾಲೂ ಕೆಟ್ಟಿತ್ತು. ಸ್ವಲ್ಪ ಹೊತ್ತಿಗೆ ಮಾಡಿನ ಮೇಲೆ ಗಾಳಿಯ ಸದ್ದು ಎದ್ದಿತು.

"ಸಾಕು ಕಣೋ. ಗಾಳಿ ಮತ್ತೆ ಹಿಮ ಪೇರಿಸ್ತಿದೆ. ಏಳು, ಇಳಿಯೋಣ."

ಪಿರ್ಮಿನ್ ಏಳಲಿಲ್ಲ. ಅವನ ಕೈಗಳು ಒಂದೇ ಸಮನೆ ಆಡುತ್ತಿದ್ದವು. ಓಡಿಲಾ ಬಾಗಿಲಿಗೆ ಬಂದು ನಿಂತಳು. ಶಿಖರದ ಅಂಚಿನಿಂದ ಹಾರಿಬಂದ ಪುಡಿಹಿಮ, ಚೆಲ್ಲಿದ ಹಾಲಿನ ನಸುಗೆಂಪಿನ ಮೇಲೆ ಸದ್ದಿಲ್ಲದೆ ಕೂರುತ್ತಿತ್ತು.