ಪಾದ್ರಿಮನೆಯ ಹೊಸ್ತಿಲು

"ತಟ್ಟಬೇಡ್ರೋ! ಇಲ್ಲಿ ತಟ್ಟಬೇಡ್ರೋ!"

ಬ್ರೋನ್ಯಾ ಎರಡೂ ಕೈ ಚಾಚಿ ಹೊಸ್ತಿಲಿಗೆ ಅಡ್ಡ ನಿಂತುಬಿಟ್ಟಳು. ಅವಳ ಅಕ್ಕ ಗೇನ್ಯಾಳ ಶವಪೆಟ್ಟಿಗೆ ನಾಲ್ವರ ಕೈಯಲ್ಲಿ ಅರ್ಧಕ್ಕೇ ತೂಗಾಡಿತು. ಒಲ್ಶಾನ್ಕಾದಲ್ಲಿ ಹೆಣ ಮನೆ ಬಿಡುವಾಗ ಪೆಟ್ಟಿಗೆಯನ್ನು ಹೊಸ್ತಿಲಿಗೆ ಮೂರು ಸಲ ತಟ್ಟುತ್ತಾರೆ. ಸತ್ತವರು ಮನೆಗೆ ವಿದಾಯ ಹೇಳುವ ರೀತಿ ಅದು. ತಟ್ಟದಿದ್ದರೆ ವಾಪಸು ಬರುತ್ತಾರಂತೆ. ಗೇನ್ಯಾಳ ವಿಷಯದಲ್ಲಿ ಆ ಅಪಾಯವನ್ನು ಯಾರೂ ತಳ್ಳಿಹಾಕುವಂತಿರಲಿಲ್ಲ.

"ಬೇಗ ಹೇಳಮ್ಮಾ," ಅಂದ ಮಾಂಸದಂಗಡಿಯ ಸೆವೆರಿನ್, ಮುಖ ಕೆಂಪಗೆ ಮಾಡಿಕೊಂಡು. "ನಿಮ್ಮಕ್ಕ ಮಾಡಿದ ಕಡುಬೆಲ್ಲ ತಾನೇ ತಿಂದಿದ್ದಾಳೆ. ನನ್ನ ಸೊಂಟಾನೂ ಇವತ್ತು ಅವಳ ಜೊತೆಗೇ ಹೂಳ್ಬೇಕಾಗುತ್ತೆ."

"ಇದು ಬಾಡಿಗೆ ಮನೆ ಕಣೋ, ಇದಕ್ಕೇನು ಹೇಳಿ ಹೋಗೋದು? ಪಾದ್ರಿಮನೆ ಹೊಸ್ತಿಲಿಗೆ ತಟ್ಟಿಸು ಅಂತ ನನ್ನ ಕೈಲಿ ಆಣೆ ಹಾಕಿಸ್ಕೊಂಡಿದ್ದಾಳೆ."

ಪೆಟ್ಟಿಗೆಯ ಮುಂದಿನ ಹಿಡಿ ಇದ್ದದ್ದು ವೀತೆಕ್‌ನ ಕೈಯಲ್ಲಿ. ನಲವತ್ತು ದಾಟಿದ ಆಸಾಮಿ, ಟ್ರ್ಯಾಕ್ಟರ್ ರಿಪೇರಿಯವನು. ಪಾದ್ರಿಮನೆಯ ಬೀದಿ ತಪ್ಪಿಸಲು ದಿನಾ ಕೆರೆ ಸುತ್ತಿ ಮನೆಗೆ ಹೋಗುತ್ತಿದ್ದ. ಹೆಂಡತಿಗೆ ಅದು ವ್ಯಾಯಾಮ ಅಂತ ಹೇಳಿದ್ದ. ಹೊಟ್ಟೆ ನೋಡಿ ಅವಳು ನಂಬಿರಲಿಲ್ಲ.

"ಆಗುತ್ತೇನೋ ವೀತೆಕ್?" ಬ್ರೋನ್ಯಾ ಕೇಳಿದ್ದು ಭಾರದ ಬಗ್ಗೆ.

"ಆಗುತ್ತೆ ಅತ್ತೆ," ಅಂದ. ಊರಿನ ಹಿರಿಯ ಹೆಂಗಸರೆಲ್ಲ ಅವನಿಗೆ ಅತ್ತೆಯರೇ.

*

ಮೂವತ್ತು ವರ್ಷದ ಹಿಂದೆ ಗೇನ್ಯಾ ಪಾದ್ರಿಮನೆಯ ಅಡುಗೆಯವಳು. ಪೂಜೆಯಲ್ಲಿ ಗಂಟೆ ಹಿಡಿಯುತ್ತಿದ್ದ ಪುಟ್ಟ ವೀತೆಕ್ ಒಂದು ಮಧ್ಯಾಹ್ನ ಅಡುಗೆಮನೆಗೆ ಬಂದ. ಕಿರಿಯ ಪಾದ್ರಿ ಬಾಗಿಲು ಹಾಕಿಕೊಂಡು ತನಗೆ ಏನು ಮಾಡುತ್ತಾನೆಂದು, ಆಲೂಗಡ್ಡೆಯ ಸಿಪ್ಪೆಯನ್ನೇ ನೋಡುತ್ತ ಹೇಳಿದ. ಗೇನ್ಯಾ ‘ಛೀ, ಹಾಗೆಲ್ಲ ಅನ್ನಬಾರದು’ ಅನ್ನಲಿಲ್ಲ. ‘ನಿಜವಾ?’ ಅಂತಲೂ ಕೇಳಲಿಲ್ಲ. ಒಲೆ ಆರಿಸಿದಳು. ಬೀಟ್‌ರೂಟ್ ಸಾರನ್ನು ಅರೆಬೆಂದಲ್ಲಿಗೇ ಬಿಟ್ಟು, ಅವನ ಕೈ ಹಿಡಿದು ಮನೆವರೆಗೂ ನಡೆದಳು.

"ಇನ್ನು ಅಲ್ಲಿ ಕಾಲಿಡ್ಬೇಡ. ಗಲಾಟೆ ಮಾಡೋದು ನನಗೆ ಬಿಡು, ನಂಗೆ ಅಭ್ಯಾಸ ಇದೆ. ಹೆಸರು ಮಾತ್ರ ನಿಂದು. ಹೇಳ್ಬೇಕು ಅನ್ಸಿದ ದಿನ ನೀನೇ ಹೇಳು."

"ಯಾವ ಹುಡುಗ?" ಅಂತ, ಅವಳು ವಾಪಸು ಬಂದು ದೂರಿದಾಗ ಹಿರಿಯ ಪಾದ್ರಿ ಕೇಳಿದರು.

"ಹುಡುಗನ ಹೆಸರು ಯಾಕೆ ಫಾದರ್? ಪಾದ್ರಿ ಹೆಸರು ಹೇಳಿದೀನಲ್ಲ, ಸಾಲ್ದಾ?"

ಸಂಜೆಯೊಳಗೆ ಅವಳ ಕೆಲಸ ಹೋಯಿತು. ಆಮೇಲೆ ಅವಳು ಹೊರಗಿನಿಂದ ಬಂದು ಮುಂಬಾಗಿಲು ತಟ್ಟಿದಳು. ಮತ್ತೆ ಬಂದು ತಟ್ಟಿದಳು. ಪರದೆ ಅಲುಗಿತು, ಬಾಗಿಲು ಅಲುಗಲಿಲ್ಲ. ಬಿಷಪ್ಪರ ಕಚೇರಿಯಲ್ಲೂ ಹುಡುಗನ ಹೆಸರನ್ನೇ ಕೇಳಿದರು. ಕೊನೆಗೆ, ಹವಾ ಚೆನ್ನಾಗಿದೆ ಅಂತ ಕಿರಿಯ ಪಾದ್ರಿಯನ್ನು ಗುಡ್ಡದ ಊರಿಗೆ ವರ್ಗ ಮಾಡಿದರು. ಅಲ್ಲೂ ಮಕ್ಕಳಿದ್ದರು. ಸಾರು ಚೆನ್ನಾಗಿಲ್ಲ ಅಂತ ಓಡಿಸಿದ್ದಕ್ಕೆ ಹೆಂಗಸು ಸೇಡು ತೀರಿಸಿಕೊಳ್ಳುತ್ತಿದ್ದಾಳೆ ಅಂತ ಒಲ್ಶಾನ್ಕಾ ತೀರ್ಮಾನಿಸಿತು.

ಗೇನ್ಯಾ ಹೆಬ್ಬಾತು ಸಾಕಿ ಬದುಕಿದಳು. ಭಾನುವಾರ ಮಾತ್ರ ಚರ್ಚಿನ ಮೊದಲನೇ ಬೆಂಚು ಬಿಡಲಿಲ್ಲ. ಪಾದ್ರಿಯ ಪ್ರವಚನದಲ್ಲಿ ‘ಚಾಡಿಕೋರರು’ ಅನ್ನುವ ಮಾತು ಬಂದರೆ ಕೆಮ್ಮುತ್ತಿದ್ದಳು. ಆ ಕೆಮ್ಮಿಗೆ ಪೀಠದ ಮೇಲಿನ ಮೇಣದಬತ್ತಿಗಳೆಲ್ಲ ಆರುತ್ತಿದ್ದವು ಅನ್ನುತ್ತಾರೆ. ಶುದ್ಧ ಸುಳ್ಳು. ಎರಡು ಮಾತ್ರ ಆರುತ್ತಿದ್ದವು.

"ಇಷ್ಟಾದ್ಮೇಲೂ ಯಾಕಮ್ಮಾ ಇಲ್ಲಿಗೆ ಬರ್ತೀಯ?" ಅಂದರೆ, "ಮನೆಗೆ ಕಳ್ಳ ನುಗ್ಗಿದ್ರೆ ಮನೆಯವರು ಯಾಕಪ್ಪಾ ಊರು ಬಿಡ್ಬೇಕು?" ಅನ್ನುತ್ತಿದ್ದಳು.

ಎಷ್ಟೋ ವರ್ಷದ ಮೇಲೆ ಗುಡ್ಡದ ಊರಿನ ಹುಡುಗರು, ಈಗ ಗಡ್ಡ ನರೆಯತೊಡಗಿದವರು, ಆ ಪಾದ್ರಿಯ ಬಗ್ಗೆ ಟಿವಿಯಲ್ಲಿ ಬಾಯಿಬಿಟ್ಟರು. ಒಲ್ಶಾನ್ಕಾ ಗೇನ್ಯಾಳ ಮನೆಗೆ ಕೇಕು ಕಳಿಸಿತು. ದೇವರ ದಯೆ, ನಮ್ಮೂರಲ್ಲಿ ಅಂಥದ್ದೇನೂ ಆಗಲಿಲ್ಲ ಅಂತ ಸಮಾಧಾನವನ್ನೂ ಪಟ್ಟುಕೊಂಡಿತು. ಗೇನ್ಯಾ ಕೇಕನ್ನು ಹೆಬ್ಬಾತುಗಳಿಗೆ ಹಾಕಿದಳು. ವೀತೆಕ್ ಬೇಲಿಯಾಚೆಯಿಂದ ನೋಡಿ ಕೆರೆ ಸುತ್ತಲು ಹೋದ.

*

ಮೆರವಣಿಗೆ ಚರ್ಚಿನ ದಾರಿ ಬಿಟ್ಟು ಎಡಕ್ಕೆ ತಿರುಗಿತು. ಹೆಬ್ಬಾತುಗಳೂ ಹಿಂದೆಯೇ ಬಂದವು. ಅವಕ್ಕೆ ಯಾರೂ ಬರಹೇಳಿರಲಿಲ್ಲ. ಆರ್ಗನ್ ನುಡಿಸುವ ಮುದುಕ ಹೀಲಾರಿ ಅಡ್ಡ ಬಂದ.

"ಹಳೇದನ್ನ ಯಾಕೆ ಕೆದಕ್ತೀರಿ? ಚರ್ಚಿನ ಮಾನ ಹೋಗಲ್ವಾ?"

"ಬೆಂಕಿ ಬಿತ್ತು ಅಂತ ಕೂಗಿದವಳಿಗೆ, ನಿದ್ದೆ ಕೆಡಿಸ್ದೆ ಅಂತ ಬೈತೀಯೇನೋ?" ಅಂದಳು ಬ್ರೋನ್ಯಾ. "ಸರಿ ಆ ಕಡೆ. ಸೆವೆರಿನ್ ಸೊಂಟ ಹೋಗ್ತಿದೆ."

ಪಾದ್ರಿಮನೆಯ ಮೆಟ್ಟಿಲೇರಿ ಪೆಟ್ಟಿಗೆಯನ್ನು ಹೊಸ್ತಿಲಿಗೆ ತಟ್ಟಿದರು. ಒಂದು. ಇನ್ನೊಂದು. ಒಳಗೆ ಸದ್ದಿಲ್ಲ.

"ಸದ್ದು ಎಲ್ಲಿಂದ ಬರ್ಬೇಕು," ಅಂದ ಸೆವೆರಿನ್. "ಪಾದ್ರಿ ಚರ್ಚಿನ ಬಾಗಿಲಲ್ಲಿ ಕಾಯ್ತಿದ್ದಾರೆ."

ಅಷ್ಟರಲ್ಲಿ ಹೊಸ ಪಾದ್ರಿ ಕಾಯೆತಾನ್ ನಿಲುವಂಗಿ ಮೊಣಕಾಲವರೆಗೆ ಎತ್ತಿಕೊಂಡು ಓಡಿ ಬಂದರು. ಮೆಟ್ಟಿಲ ಮೇಲೆ ಪೆಟ್ಟಿಗೆ, ಮುಂದೆ ದಾರಿಯಿಲ್ಲ. ಏನೂ ಕೇಳದೆ ಹಿತ್ತಿಲಿಗೆ ಹೋಗಿ ಅಡುಗೆಮನೆಯ ಕಡೆಯಿಂದ ಒಳಹೊಕ್ಕರು. ಮೂರನೆಯ ತಟ್ಟು ಬಿತ್ತು.

"ಯಾರು?" ಅಂತ ಒಳಗಿನಿಂದ ಕೇಳಿದರು. ಬರೀ ಅಭ್ಯಾಸಬಲ.

"ಹೆಣ ಅನ್ನೋ," ಅಂತ ಸೆವೆರಿನ್ ಪಿಸುಗುಟ್ಟಿದ. ಹಿಂದೆ ಯಾರೋ ಕಿಸಕ್ಕೆಂದರು.

ವೀತೆಕ್ ನಗಲಿಲ್ಲ. ಬಾಗಿಲ ಹಸಿರು ಬಣ್ಣ ಅವನ ಮೂಗಿಗೆ ತಾಗುವಷ್ಟು ಹತ್ತಿರವಿತ್ತು.

"ನಾನು, ವೀತೆಕ್." ಆಮೇಲೆ ಟ್ರ್ಯಾಕ್ಟರ್ ಸದ್ದಿನ ಮೇಲೆ ಕೂಗಿ ಅಭ್ಯಾಸವಿದ್ದ ಗಂಟಲಲ್ಲೇ ಹೇಳಿದ: "ಗೇನ್ಯಾ ಅತ್ತೆ ಹೆಸರು ಹೇಳ್ದೇ ಇದ್ದ ಆ ಹುಡುಗ ನಾನೇ."

ಕೆರೆಯಾಚೆಗೂ ಕೇಳಿಸಿತಂತೆ. ಹೀಲಾರಿ ಟೋಪಿ ತೆಗೆದು, ಅದರೊಳಗೆ ಏನೋ ಕಳೆದುಹೋದವನಂತೆ ನೋಡತೊಡಗಿದ.

"ನಂಗೂ ಹೇಳ್ಲಿಲ್ವಲ್ಲೋ ಅವಳು," ಅಂದಳು ಬ್ರೋನ್ಯಾ. "ಸ್ವಂತ ತಂಗಿಗೆ!"

ತುಕ್ಕು ಹಿಡಿದ ಅಗುಳಿ ಒಳಗಿನಿಂದ ಕಿರುಗುಟ್ಟಿತು. ಬಾಗಿಲು ಪೂರ್ತಿ ತೆರೆಯಿತು. ಕಾಯೆತಾನ್ ಗೋಡೆಗೆ ಒತ್ತಿ ನಿಂತು ದಾರಿ ಬಿಟ್ಟರು.

"ಬಾಪ್ಪಾ. ಗೇನ್ಯಾ ಅವರನ್ನೂ ಕರ್ಕೊಂಡು ಬಾ."

ವೀತೆಕ್ ಹೊಸ್ತಿಲು ದಾಟಿದ. ನಡುಮನೆಯ ತಿರುವಿಗೆ ಬಂದಾಗ ಪೆಟ್ಟಿಗೆ ಸಿಕ್ಕಿಕೊಂಡಿತು. ಅರ್ಧ ಒಳಗೆ, ಅರ್ಧ ಹೊರಗೆ.

"ಹಿಂದಕ್ಕೂ ಬರ್ತಿಲ್ಲ ಫಾದರ್," ಹೊರಗಿನಿಂದ ಸೆವೆರಿನ್ ಕೂಗಿದ. "ಬಾಗಿಲು ಹಾಕೋಕಾಗಲ್ಲ."

ಕಾಯೆತಾನ್ ಒಂದು ಸ್ಟೂಲು ತಂದು ಪೆಟ್ಟಿಗೆಗೆ ಆನಿಕೆ ಕೊಟ್ಟರು. ಪೂಜೆಯ ಪುಸ್ತಕವನ್ನು ಚರ್ಚಿನಿಂದ ಇಲ್ಲಿಗೇ ತರಿಸಿದರು. ಊರವರು ಅಂಗಳದಲ್ಲಿ ಮಂಡಿಯೂರಿದರು. ದೊಡ್ಡ ಗಂಡು ಹೆಬ್ಬಾತು ಕತ್ತು ಚಾಚಿ ಆಚೆ ನೋಡಿತು, ಈಚೆ ನೋಡಿತು. ಯಾರೂ ತಡೆಯದ್ದನ್ನು ಖಚಿತಪಡಿಸಿಕೊಂಡು, ಪೆಟ್ಟಿಗೆಯ ಅಡಿಯಿಂದ ನುಸುಳಿ, ಪಾದ್ರಿಮನೆಯ ಕೆಂಪು ಜಮಖಾನದ ಮೇಲೆ ಒದ್ದೆ ಕಾಲಿಡುತ್ತ ಒಳಗೆ ನಡೆಯಿತು.